ಕಂಬವನ್ನು ಕುಣಿಸುವ ಕಡಲ ಮಂಜುಗಡ್ಡೆ

ಪಣಂಬೂರಿನ ನವಮಂಗಳೂರು ಬಂದರಿಗೆ 2006ರ ಕೊನೆಯಲ್ಲಿ ಒಂದು ಹಡಗು ಕಚ್ಚಾತೈಲ ತಂದಿತು. ತೈಲದ ಹಡಗು ಆ ಬಂದರಿಗೆ ಹೊಸದಲ್ಲ, ತೈಲ ಹೊರಟು ಬಂದ ಕಡಲು ಹೊಸದು. ರಷ್ಯಾದ ಪೂರ್ವ ಅಂಚಿನಲ್ಲಿ, ಜಪಾನಿನ ಉತ್ತರಕ್ಕೆ, ಸಖಾಲಿನ್ ಎಂಬ ಉದ್ದನೆಯ ದ್ವೀಪವಿದೆ. ಅದರ ಮೂಡಣ ದಂಡೆಗೆ ತಾಗಿದ ಒಖೋಟ್ಸ್ಕ್ ಸಮುದ್ರ ವರ್ಷದಲ್ಲಿ ಹಲವು ತಿಂಗಳು ಮಂಜುಗಡ್ಡೆ ಹೊದ್ದಿರುತ್ತದೆ. ಅಲ್ಲಿನ ಸಖಾಲಿನ್-1 ಯೋಜನೆಯಲ್ಲಿ ನಮ್ಮ ಸಾರ್ವಜನಿಕ ರಂಗದ ಒಎನ್‌ಜಿಸಿ ವಿದೇಶ್ 2001ರಲ್ಲಿ ಶೇಕಡಾ 20 ಪಾಲು ಕೊಂಡಿತು. 2005ರಲ್ಲಿ ತೈಲ ಬರತೊಡಗಿತು. ಮರುವರ್ಷ ಆ ಪಾಲಿನ ತೈಲ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಬಂದು ಮುಟ್ಟಿತು.

ನಾನಿದನ್ನು ಬರೆಯುತ್ತಿರುವುದು ಅನಂತಪುರದಲ್ಲಿ ಕೂತು. ಇಲ್ಲಿರುವುದು ಮುರಕಲ್ಲಿನ ಪದವು, ಕೆರೆಯ ನಡುವಿನ ಅನಂತಪದ್ಮನಾಭನ ಗುಡಿ, ತಗ್ಗಿನಲ್ಲಿ ಅಡಿಕೆ ತೋಟ. ಪಡುವಣಕ್ಕೆ ಕೆಲವೇ ಮೈಲಿ ಹೋದರೆ ಕುಂಬಳೆ, ಅದರ ಬದಿಯಲ್ಲಿ ಕೊಯಿಪ್ಪಾಡಿಯ ಕಡಲು. ಈ ಕಡಲು ಎಂದೂ ಹೆಪ್ಪುಗಟ್ಟದು. ಉಪ್ಪುನೀರು ಗಟ್ಟಿಯಾಗಬೇಕಾದರೆ ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ ಇಳಿಯಬೇಕು. ನಮ್ಮ ಅರಬ್ಬೀ ಸಮುದ್ರಕ್ಕೆ ಆ ಚಳಿ ಗೊತ್ತಿಲ್ಲ. ಆದರೂ ಕಡಲ ಮಂಜುಗಡ್ಡೆಯ ವಿಚಾರ ನಮಗೆ ದೂರದ್ದಲ್ಲ. ನಮ್ಮೆಲ್ಲರ ಹಣದ ಒಂದು ಪಾಲು ಆ ಮಂಜುಗಡ್ಡೆಯ ನಡುವೆ ಉಕ್ಕು, ಕಾಂಕ್ರೀಟಿನ ರೂಪದಲ್ಲಿ ನಿಂತಿದೆ. ಅದನ್ನು ನಿಲ್ಲಿಸಲು ಬೇಕಾದ ತಿಳಿವಳಿಕೆ ಪ್ರಯೋಗಶಾಲೆಯ ತೊಟ್ಟಿಗಳಲ್ಲಿ ಹುಟ್ಟಿದ ಬಗೆಯನ್ನು ನಮ್ಮ ಕರಾವಳಿಯೂ ತಿಳಿದುಕೊಳ್ಳಬೇಕು.

ಸಖಾಲಿನ್-1ರ ಚಾಯ್ವೊ ಕ್ಷೇತ್ರದಲ್ಲಿ ನಿಂತಿರುವ ತೈಲ ವೇದಿಕೆಯ ಹೆಸರು ಒರ್ಲಾನ್. ಮೊದಲು ಇದನ್ನು 1984ರಲ್ಲಿ ಕಟ್ಟಿದ್ದು ಅಲಾಸ್ಕದ ಉತ್ತರದ ಬೋಫೋರ್ಟ್ ಸಮುದ್ರಕ್ಕಾಗಿ. ಆಮೇಲೆ ಎಳೆದು ತಂದು, ದುರಸ್ತಿ ಮಾಡಿ, ಸಖಾಲಿನ್‌ನಲ್ಲಿ ನಿಲ್ಲಿಸಿದರು. ಬರ್ಕುತ್ ಎಂಬ ಇನ್ನೊಂದು ವೇದಿಕೆ 2014ರಲ್ಲಿ ಸೇರಿಕೊಂಡಿತು. ಸುತ್ತಲೂ ಗಾಳಿ ಮತ್ತು ಪ್ರವಾಹ ತಳ್ಳಿಕೊಂಡು ಬರುವ ಮಂಜುಗಡ್ಡೆ. ಅಲ್ಲಿ ವೇದಿಕೆ ಕಟ್ಟುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಮಂಜುಗಡ್ಡೆ ಎಷ್ಟು ಬಲದಿಂದ ತಳ್ಳುತ್ತದೆ ಎಂಬುದು. ಎರಡನೆಯದು ಇನ್ನೂ ಕಠಿಣ. ಮಂಜುಗಡ್ಡೆ ತಳ್ಳುವುದಷ್ಟೇ ಅಲ್ಲ, ಅಲುಗಾಡಿಸುತ್ತದೆ. ಒಂದೇ ಸಮನೆ ನಿಧಾನವಾಗಿ ಸರಿದು ಬರುವ ವಸ್ತು ಕಂಬವನ್ನು ಹಿಂದಕ್ಕೂ ಮುಂದಕ್ಕೂ ಕುಣಿಸುವುದು ಹೇಗೆ?

ಈ ಪ್ರಶ್ನೆ ಎದ್ದದ್ದು ಅಲಾಸ್ಕದ ಕುಕ್ ಇನ್ಲೆಟ್ ಎಂಬ ಕೊಲ್ಲಿಯಲ್ಲಿ. 1960ರ ದಶಕದಲ್ಲಿ ಅಲ್ಲಿ ತೈಲ ವೇದಿಕೆಗಳನ್ನು ನಿಲ್ಲಿಸಿದಾಗ, ಭರತ-ಇಳಿತದ ಜೊತೆ ಸರಿಯುವ ಮಂಜುಗಡ್ಡೆ ಉಕ್ಕಿನ ಕಾಲುಗಳನ್ನು ತಾಳಬದ್ಧವಾಗಿ ನಡುಗಿಸುವುದು ಕಂಡುಬಂತು. ಅಲಾಸ್ಕ ವಿಶ್ವವಿದ್ಯಾಲಯದ ಪೇಟನ್ ಮತ್ತು ತೈಲ ಕಂಪನಿಯ ಎಂಜಿನಿಯರ್ ಬ್ಲೆಂಕಾರ್ನ್ ಅದನ್ನು ಅಳೆದು ಪ್ರಕಟಿಸಿದರು. ಚೀನಾದ ಬೋಹಾಯ್ ಕೊಲ್ಲಿಯಲ್ಲಿ 1969ರ ಕಡುಚಳಿ ಒಂದು ವೇದಿಕೆಯನ್ನೇ ಕೆಡವಿತು. 1970ರ ದಶಕದಲ್ಲಿ ಫಿನ್‌ಲ್ಯಾಂಡಿನ ಕೆಮಿ ಬಳಿ ಉಕ್ಕಿನ ದೀಪಸ್ತಂಭವೊಂದು ಮಂಜುಗಡ್ಡೆ ಎಬ್ಬಿಸಿದ ಕಂಪನಕ್ಕೆ ಸಿಕ್ಕಿ ಮುರಿಯಿತು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಮೊಲಿಕ್ಪಾಕ್ ಎಂಬ ವೇದಿಕೆಯ ಪ್ರಸಂಗ. ಕೆನಡಾದ ಬೋಫೋರ್ಟ್ ಸಮುದ್ರದಲ್ಲಿ ನಿಂತಿದ್ದ ಇದು ತೆಳ್ಳನೆಯ ಕಾಲುಗಳ ವೇದಿಕೆಯಲ್ಲ. ಸುತ್ತ ಉಕ್ಕಿನ ಗೋಡೆ, ಒಳಗೆಲ್ಲ ಮರಳು ತುಂಬಿದ ಕೃತಕ ದ್ವೀಪ. 1986ರ ಏಪ್ರಿಲ್ 12ರಂದು ಹಲವು ವರ್ಷ ಕರಗದೆ ಉಳಿದು ದಪ್ಪಗಟ್ಟಿದ್ದ ಮಂಜುಗಡ್ಡೆಯ ಹಾಸೊಂದು ಬಂದು ಒತ್ತಿತು. ಇಡೀ ವೇದಿಕೆ ನಡುಗಿತು. ಆ ನಡುಕಕ್ಕೆ ಒಳಗಿನ ತೇವದ ಮರಳಿನ ಒಂದು ಭಾಗ ಬಿಗಿ ಕಳೆದುಕೊಂಡು ದ್ರವದಂತೆ ಸಡಿಲವಾಯಿತು. ಭೂಕಂಪವಾದಾಗ ನೆಲ ಸಡಿಲವಾಗುವುದೂ ಇದೇ ಬಗೆಯಲ್ಲಿ. ವೇದಿಕೆ ಉಳಿಯಿತು. ಆದರೆ ಆ ದಿನ ಬಿದ್ದ ಬಲ ಎಷ್ಟು ಎಂಬ ವಾದ ದಶಕಗಳ ಕಾಲ ನಡೆಯಿತು. ಇದೇ ಮೊಲಿಕ್ಪಾಕನ್ನು 1998ರಲ್ಲಿ ಸಖಾಲಿನ್‌ಗೆ ಒಯ್ದು ಸಖಾಲಿನ್-2 ಯೋಜನೆಗೆ ನಿಲ್ಲಿಸಿದರು.

ದಪ್ಪ ಮಂಜುಗಡ್ಡೆ ಮಾತ್ರ ಅಪಾಯಕಾರಿ ಎಂದು ತಿಳಿಯಬಾರದು. ಬೋಹಾಯ್ ಕೊಲ್ಲಿಯ ಮಂಜುಗಡ್ಡೆ ತೆಳು, ಸಾಮಾನ್ಯವಾಗಿ ಅರ್ಧ ಮೀಟರಿಗೂ ಕಡಿಮೆ. ಆದರೆ ಅಲ್ಲಿನ ವೇದಿಕೆಗಳ ಕಾಲುಗಳೂ ಸಪೂರ. 2000ದ ಜನವರಿಯಲ್ಲಿ ಅಲ್ಲಿನ ಒಂದು ವೇದಿಕೆಯ ಮೇಲಿನ ಕೊಳವೆ ಕಂಪನಕ್ಕೆ ತುಂಡಾಗಿ ಅನಿಲ ಸೋರಿತು. ಕಾಲುಗಳಿಗೆ ಏನೂ ಆಗಿರಲಿಲ್ಲ, ಕಾಲುಗಳ ಮೇಲೆ ನಿಂತದ್ದು ಮುರಿದಿತ್ತು. ಬಲವನ್ನು ಮಾತ್ರ ಲೆಕ್ಕ ಹಾಕಿ ಕಟ್ಟಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಈ ಕಂಪನದ ಗುಟ್ಟು ಮಂಜುಗಡ್ಡೆಯ ಸ್ವಭಾವದಲ್ಲಿದೆ. ನಿಧಾನವಾಗಿ ಒತ್ತಿದರೆ ಅದು ಬಾಗುತ್ತದೆ, ಹರಿಯುತ್ತದೆ, ಕಂಬಕ್ಕೆ ಅಂಟಿಕೊಂಡಂತೆ ಮೈಯೊಡ್ಡುತ್ತದೆ. ವೇಗವಾಗಿ ಒತ್ತಿದರೆ ಗಾಜಿನಂತೆ ಸಿಡಿದು ಪುಡಿಯಾಗುತ್ತದೆ. ಮೈಯೊಡ್ಡಿದಾಗ ಕಂಬದೊಂದಿಗೆ ಅದರ ಸಂಪರ್ಕ ವಿಶಾಲ, ಹಾಗಾಗಿ ಕಂಬದ ಮೇಲಿನ ಬಲ ಹೆಚ್ಚು. ಪುಡಿಯಾಗುತ್ತಿರುವಾಗ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುವುದರಿಂದ ಬಲ ಕಡಿಮೆ. ಈಗ ಕಂಬವೂ ಅಲುಗಬಲ್ಲದು ಎಂಬುದನ್ನು ಸೇರಿಸಿ ನೋಡಿ. ಕಂಬ ಮಂಜುಗಡ್ಡೆಯ ಜೊತೆಗೇ ಹಿಂದಕ್ಕೆ ಬಾಗುತ್ತಿರುವಾಗ ಎರಡರ ನಡುವಿನ ವೇಗದ ಅಂತರ ಕಡಿಮೆ, ತಳ್ಳು ಜೋರು. ಕಂಬ ಬಿಲ್ಲಿನಂತೆ ಸಿಡಿದು ಮಂಜುಗಡ್ಡೆಗೆ ಎದುರಾಗಿ ಬರುವಾಗ ವೇಗದ ಅಂತರ ಹೆಚ್ಚು, ಮಂಜುಗಡ್ಡೆ ಪುಡಿ, ತಡೆ ಕಮ್ಮಿ. ಅಂದರೆ ಹೋಗುವ ದಿಕ್ಕಿಗೆ ಹೆಚ್ಚು ನೂಕು, ಬರುವ ದಿಕ್ಕಿಗೆ ಕಡಿಮೆ ಅಡ್ಡಿ. ಪ್ರತಿ ಸುತ್ತಿಗೂ ಕಂಬಕ್ಕೆ ಸ್ವಲ್ಪ ಸ್ವಲ್ಪ ಶಕ್ತಿ ಸೇರುತ್ತಾ ಹೋಗುತ್ತದೆ, ತೂಗಾಟ ಬೆಳೆಯುತ್ತದೆ.

ಅಡಿಕೆ ತೋಟದಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮದ್ದು ಬಿಡಲು ಮರವೇರಿದವರು ತುದಿಯಲ್ಲಿ ಕೂತು ಮರವನ್ನು ತೂಗಿ ಪಕ್ಕದ ಮರಕ್ಕೆ ಹಾಯುತ್ತಾರೆ. ಅಷ್ಟು ಎತ್ತರದ ಮರವನ್ನು ಬಗ್ಗಿಸಲು ತೋಳಿನ ಬಲ ಸಾಲದು. ಅವರು ತಮ್ಮ ಲಯವನ್ನು ಮರದ ಮೇಲೆ ಹೇರುವುದಿಲ್ಲ, ಮರದ ಲಯವನ್ನು ಹಿಡಿಯುತ್ತಾರೆ. ಮರ ಹೋಗುವಾಗ ಜೊತೆಗೆ ಜಗ್ಗುತ್ತಾರೆ, ಮರಳುವಾಗ ಸುಮ್ಮನಿರುತ್ತಾರೆ. ಮಂಜುಗಡ್ಡೆಗೂ ತನ್ನದೇ ತಾಳವಿಲ್ಲ. ಕಂಬದ ತಾಳವನ್ನು ಎರವಲು ಪಡೆದು ಅದು ಕಂಬವನ್ನೇ ಕುಣಿಸುತ್ತದೆ. ಮರವೇರಿದವರಿಗೆ ಯಾವಾಗ ನಿಲ್ಲಿಸಬೇಕೆಂದು ಗೊತ್ತು, ಮಂಜುಗಡ್ಡೆಗೆ ಗೊತ್ತಿಲ್ಲ.

ಎಂಜಿನಿಯರುಗಳು ಇದರಲ್ಲಿ ಮೂರು ಬಗೆ ಗುರುತಿಸುತ್ತಾರೆ. ಮಂಜುಗಡ್ಡೆ ಬಹಳ ನಿಧಾನವಾಗಿ ಬಂದರೆ ಕಂಬ ಮೆಲ್ಲಗೆ ಬಾಗುತ್ತಾ ಹೋಗಿ, ಮಂಜುಗಡ್ಡೆ ಮುರಿದ ಕೂಡಲೇ ಫಕ್ಕನೆ ಹಿಂದೆ ಸಿಡಿದು, ಸ್ವಲ್ಪ ಹೊತ್ತು ನಡುಗಿ ನಿಲ್ಲುತ್ತದೆ. ಮತ್ತೆ ಅದೇ ಸುತ್ತು. ಇದು ಬಿಟ್ಟು ಬಿಟ್ಟು ನಡೆಯುವ ಪುಡಿಯಾಟ. ವೇಗ ಸ್ವಲ್ಪ ಹೆಚ್ಚಿ ಸೆಕೆಂಡಿಗೆ ಕೆಲವು ಸೆಂಟಿಮೀಟರಿಗೆ ಬಂದಾಗ ಎರಡನೆಯ ಬಗೆ. ಕಂಬ ತನ್ನ ಸಹಜ ಆವರ್ತನದಲ್ಲಿ ಒಂದೇ ಸಮನೆ ತೂಗತೊಡಗುತ್ತದೆ, ಮಂಜುಗಡ್ಡೆ ಅದಕ್ಕೆ ಸರಿಯಾಗಿ ಮುರಿಯುತ್ತದೆ. ಇದಕ್ಕೆ ಅವರು ಲಾಕ್-ಇನ್ ಎನ್ನುತ್ತಾರೆ. ಇಲ್ಲಿ ಕಂಬದ ತೂಗಾಟದ ಗರಿಷ್ಠ ವೇಗ ಮಂಜುಗಡ್ಡೆಯ ವೇಗಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಇಲ್ಲವೇ ತುಸು ಹೆಚ್ಚಿರುತ್ತದೆ. ವೇಗ ಇನ್ನೂ ಹೆಚ್ಚಿದರೆ ಮಂಜುಗಡ್ಡೆ ಅಡ್ಡಾದಿಡ್ಡಿಯಾಗಿ ನಿರಂತರ ಪುಡಿಯಾಗುತ್ತದೆ, ಕಂಬಕ್ಕೆ ಸಣ್ಣ ನಡುಕವಷ್ಟೇ ಉಳಿಯುತ್ತದೆ. ಆರ್ಕ್ಟಿಕ್ ಕಡಲಿನ ಕಟ್ಟಡಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 19906 ಈ ಮೂರನ್ನೂ ಹೆಸರಿಸಿದೆ. ಗಮನಿಸಬೇಕಾದದ್ದು, ಮಂಜುಗಡ್ಡೆ ಜೋರಾಗಿ ಬಂದಷ್ಟೂ ಅಪಾಯ ಹೆಚ್ಚು ಎಂಬ ಸಾಮಾನ್ಯ ತರ್ಕ ಇಲ್ಲಿ ನಡೆಯುವುದಿಲ್ಲ ಎಂಬುದು. ಮೆಲ್ಲಗೆ ಬಂದದ್ದೇ ಹೆಚ್ಚು ಕುಣಿಸುತ್ತದೆ.

ಇದನ್ನು ಕಡಲಿನಲ್ಲೇ ಅಳೆಯಬಾರದೇಕೆ? ಅಳೆದಿದ್ದಾರೆ. ಸ್ವೀಡನ್ನಿನ ಲೂಲಿಯೊ ಬಳಿ ಬೋತ್ನಿಯ ಕೊಲ್ಲಿಯಲ್ಲಿ 1971ರಲ್ಲಿ ಕಟ್ಟಿದ ನೋರ್‌ಸ್ಟ್ರೊಮ್ಸ್‌ಗ್ರುಂಡ್ ಎಂಬ ಕಾಂಕ್ರೀಟ್ ದೀಪಸ್ತಂಭವಿದೆ. ಅದರ ನೀರಿನ ಮಟ್ಟದಲ್ಲಿ ಬಲ ಅಳೆಯುವ ಹಲಗೆಗಳನ್ನು ಕೂರಿಸಿ, 1999ರಿಂದ 2003ರವರೆಗೆ ಯೂರೋಪಿನ ಎರಡು ಸಂಶೋಧನಾ ಯೋಜನೆಗಳು ಚಳಿಗಾಲಗಳನ್ನೆಲ್ಲ ದಾಖಲಿಸಿದವು. ಜಪಾನಿನ ಹೊಕ್ಕೈಡೊ ದ್ವೀಪದ ನೊತೊರೊ ಸರೋವರದಲ್ಲಿ 1996ರಿಂದ 2000ದವರೆಗೆ ನಿಜವಾದ ಕಡಲ ಮಂಜುಗಡ್ಡೆಗೆ ಉಕ್ಕಿನ ತುಂಡನ್ನು ಒತ್ತಿ ನೋಡಿದರು. ಒತ್ತಡ ಗ್ರಹಿಸುವ ತೆಳು ಹಾಳೆಗಳನ್ನು ನಡುವೆ ಇಟ್ಟಾಗ, ಮಂಜುಗಡ್ಡೆಯ ಇಡೀ ಮೈ ಉಕ್ಕಿಗೆ ತಾಗುವುದಿಲ್ಲ, ಕೆಲವೇ ಬಿಂದುಗಳಲ್ಲಿ ಮತ್ತು ನಡು ದಪ್ಪದ ಒಂದು ಸಣ್ಣ ಪಟ್ಟಿಯಲ್ಲಿ ಭಾರೀ ಒತ್ತಡ ಬೀಳುತ್ತದೆ ಎಂಬುದು ಕಣ್ಣಿಗೆ ಕಂಡಿತು. ಆದರೆ ಕಡಲು ನಾವು ಕೇಳಿದ ಪ್ರಶ್ನೆಗೆ ಉತ್ತರಿಸುವುದಿಲ್ಲ. ಇಂಥದೇ ದಪ್ಪ, ಇಂಥದೇ ವೇಗ, ಇಂಥದೇ ಉಷ್ಣತೆ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಇನ್ನೂ ಕಟ್ಟದ ಕಂಬವನ್ನು ಕಡಲಲ್ಲಿ ಅಳೆಯುವುದಂತೂ ಸಾಧ್ಯವೇ ಇಲ್ಲ. ಅದಕ್ಕೇ ತೊಟ್ಟಿ ಬೇಕು.

ಮಂಜುಗಡ್ಡೆಯ ಪರೀಕ್ಷೆಗೆಂದೇ ಮೊದಲ ತೊಟ್ಟಿ ಆದದ್ದು 1955ರಲ್ಲಿ, ಲೆನಿನ್‌ಗ್ರಾಡಿನ ಆರ್ಕ್ಟಿಕ್ ಮತ್ತು ಅಂಟಾರ್ಕ್ಟಿಕ್ ಸಂಶೋಧನಾ ಸಂಸ್ಥೆಯಲ್ಲಿ. ಈಗ ಜರ್ಮನಿಯ ಹ್ಯಾಂಬರ್ಗಿನಲ್ಲಿ 1913ರಿಂದ ಇರುವ ಹಡಗು ಪರೀಕ್ಷಾ ಸಂಸ್ಥೆಗೆ 78 ಮೀಟರ್ ಉದ್ದ, 10 ಮೀಟರ್ ಅಗಲದ ಮಂಜುಗಡ್ಡೆ ತೊಟ್ಟಿಯಿದೆ. ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಇನ್ನೊಂದು, ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ 40 ಮೀಟರ್ ಉದ್ದ, 40 ಮೀಟರ್ ಅಗಲದ ಚೌಕಾಕಾರದ್ದೊಂದು. ಅಲ್ಲಿ ಮಾಡುವ ಕೆಲಸ ಹೀಗೆ. ತೊಟ್ಟಿಯಿರುವ ಇಡೀ ಕೋಣೆಯೇ ಶೀತಲಗೃಹ. ನೀರನ್ನು ಹೆಪ್ಪುಗಟ್ಟುವ ಅಂಚಿಗೆ ತಂದು, ತಣ್ಣನೆಯ ಗಾಳಿಯಲ್ಲಿ ನೀರಿನ ಹನಿಮಂಜನ್ನು ಸಿಂಪಡಿಸುತ್ತಾರೆ. ಹನಿಗಳು ಗಾಳಿಯಲ್ಲೇ ಹರಳಾಗಿ ನೀರ ಮೇಲೆ ಬಿದ್ದು ಬೀಜವಾಗುತ್ತವೆ. ಆ ಬೀಜದಿಂದ ಸಣ್ಣ ಕಣಗಳ ಮಂಜುಗಡ್ಡೆಯ ಹಾಸು ಗಂಟೆಗೆ ಕೆಲವು ಮಿಲಿಮೀಟರಿನಂತೆ ಬೆಳೆಯುತ್ತದೆ. ಬೇಕಾದ ದಪ್ಪಕ್ಕೆ ಬಂದ ಮೇಲೆ ಕೋಣೆಯನ್ನು ಮೆಲ್ಲಗೆ ಬೆಚ್ಚಗೆ ಮಾಡಿ ಹಾಸನ್ನು ದುರ್ಬಲಗೊಳಿಸುತ್ತಾರೆ. ಹಾಸಿನಲ್ಲೇ ಮೂರು ಬದಿ ಕೊಯ್ದು ನಾಲಿಗೆಯಂತೆ ಬಿಟ್ಟ ಪಟ್ಟಿಯ ತುದಿಯನ್ನು ಒತ್ತಿ ಮುರಿದು, ಅದರ ಬಲ ಎಷ್ಟೆಂದು ಆಗಾಗ ಪರೀಕ್ಷಿಸುತ್ತಾರೆ. ಆಮೇಲೆ ಮಾದರಿ ಕಂಬವನ್ನು ಚಲಿಸುವ ಸೇತುವೆಗೆ ಕಟ್ಟಿ ಹಾಸಿನೊಳಗೆ ನಡೆಸುತ್ತಾರೆ. ಕಂಬ ನಿಂತು ಮಂಜುಗಡ್ಡೆ ಸರಿದರೂ, ಮಂಜುಗಡ್ಡೆ ನಿಂತು ಕಂಬ ಸರಿದರೂ ಲೆಕ್ಕಕ್ಕೆ ಒಂದೇ.

ಮಂಜುಗಡ್ಡೆಯನ್ನು ಬೇಕೆಂದೇ ದುರ್ಬಲಗೊಳಿಸುವುದು ಏಕೆ ಎಂದು ಕೇಳಬಹುದು. ಮಾದರಿ ಪರೀಕ್ಷೆಯ ಜೀವಾಳ ಅಲ್ಲಿದೆ. ಹಡಗಿನ ಮಾದರಿಗಳ ಪರೀಕ್ಷೆಗೆ 19ನೇ ಶತಮಾನದಲ್ಲಿ ವಿಲಿಯಂ ಫ್ರೂಡ್ ಕೊಟ್ಟ ನಿಯಮವನ್ನೇ ಇಲ್ಲೂ ಬಳಸುತ್ತಾರೆ. ನಿಜದ 25ರಲ್ಲಿ ಒಂದು ಪಾಲು ಅಳತೆಯ ಮಾದರಿ ಎನ್ನೋಣ. 1 ಮೀಟರ್ ದಪ್ಪದ ಮಂಜುಗಡ್ಡೆ ತೊಟ್ಟಿಯಲ್ಲಿ 4 ಸೆಂಟಿಮೀಟರ್ ಆಗಬೇಕು. ಕಾಲ 5 ಪಟ್ಟು ಕುಗ್ಗಬೇಕು. ತೂಕ 15,625 ಪಟ್ಟು ಕಡಿಮೆಯಾಗಬೇಕು. ಮಂಜುಗಡ್ಡೆಯ ಗಟ್ಟಿತನವೂ 25 ಪಟ್ಟು ಇಳಿಯಬೇಕು. ಬರೀ ನೀರಿನಿಂದ ಅಷ್ಟು ಮೆದು ಮಂಜುಗಡ್ಡೆ ಬರುವುದಿಲ್ಲ. ಅದಕ್ಕೇ ಒಬ್ಬೊಬ್ಬರದು ಒಂದೊಂದು ಪಾಕ. ಕೆಲವರು ಅಡುಗೆ ಉಪ್ಪು ಬೆರೆಸುತ್ತಾರೆ, ಕೆಲವರು ಗದ್ದೆಗೆ ಹಾಕುವ ಯೂರಿಯಾ, ಆಲ್ಟೊದಲ್ಲಿ ಎಥನಾಲ್. ಕೆನಡಾದ ಗ್ಯಾರಿ ಟಿಮ್ಕೊ 1980ರ ದಶಕದಲ್ಲಿ ಗ್ಲೈಕಾಲ್, ಮಾರ್ಜಕ ಮತ್ತು ಸಕ್ಕರೆ ಬೆರೆಸಿದ ಪಾಕವನ್ನು ರೂಪಿಸಿದರು. ಬೆರೆಸಿದ್ದೆಲ್ಲ ಹರಳುಗಳ ನಡುವೆ ಸಣ್ಣ ದ್ರವದ ಗೂಡುಗಳಾಗಿ ಉಳಿದು ಹಾಸನ್ನು ಮೆದುವಾಗಿಸುತ್ತದೆ. ನಿಜವಾದ ಕಡಲ ಮಂಜುಗಡ್ಡೆಯಲ್ಲಿ ಉಪ್ಪುನೀರಿನ ಗೂಡುಗಳು ಮಾಡುವ ಕೆಲಸವೂ ಇದೇ.

ಮಂಜುಗಡ್ಡೆ ಒಡೆಯುವ ಹಡಗುಗಳಿಗೆ ಈ ಪಾಕ ಚೆನ್ನಾಗಿ ಹೊಂದಿತು. ಅಲ್ಲಿ ಹಡಗಿನ ಮೂತಿ ಹಾಸನ್ನು ಕೆಳಗೊತ್ತಿ ಬಗ್ಗಿಸಿ ಮುರಿಯುತ್ತದೆ, ಬಾಗಿ ಮುರಿಯುವ ಗುಣವನ್ನು ಪಾಕ ಸರಿಯಾಗಿ ತೋರಿಸುತ್ತದೆ. ನೇರ ನಿಂತ ಕಂಬದ ಕಂಪನ ಪರೀಕ್ಷಿಸಲು ಹೊರಟಾಗ ಮಾತ್ರ ತೊಡಕು. ಇಲ್ಲಿ ಮಂಜುಗಡ್ಡೆ ಬಾಗಿ ಮುರಿಯುವುದಿಲ್ಲ, ಅಪ್ಪಚ್ಚಿಯಾಗಿ ಸಿಡಿಯುತ್ತದೆ. ಬೆಚ್ಚಗೆ ಮಾಡಿ ಮೆದುವಾಗಿಸಿದ ಮಾದರಿ ಮಂಜುಗಡ್ಡೆಗೆ ಸಿಡಿಯುವ ಗುಣವೇ ಕಳೆದುಹೋಗಿರುತ್ತದೆ. ಕಂಬಕ್ಕೆ ತಾಗಿದರೆ ಹಿಟ್ಟಿನ ಮುದ್ದೆಯಾಗುತ್ತದೆ. ನಿಧಾನಕ್ಕೆ ಮೈಯೊಡ್ಡುವುದು, ವೇಗಕ್ಕೆ ಪುಡಿಯಾಗುವುದು ಎಂಬ ಎರಡು ಮುಖಗಳ ನಡುವಿನ ವ್ಯತ್ಯಾಸದಿಂದಲೇ ಕಂಪನ ಹುಟ್ಟುವುದು. ಆ ವ್ಯತ್ಯಾಸವನ್ನೇ ಅಳಿಸಿದ ಮೇಲೆ ಅಳತೆ ಎಷ್ಟು ನಿಖರವಾಗಿದ್ದರೇನು? ತೊಟ್ಟಿಯಲ್ಲಿ ಕಂಬ ಅಲುಗಲಿಲ್ಲ ಎಂದು ಕಡಲಿನಲ್ಲೂ ಅಲುಗದು ಎಂದುಕೊಂಡರೆ ಅನಾಹುತವಾಗುತ್ತದೆ.

ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಹಾಯೊ ಹೆಂಡ್ರಿಕ್ಸೆ ಮತ್ತು ಸಂಗಡಿಗರು ಹಿಡಿದ ದಾರಿ ಇಲ್ಲಿ ಮುಖ್ಯ. ಎಲ್ಲವನ್ನೂ ಅಳತೆಗೆ ತಕ್ಕಂತೆ ಕುಗ್ಗಿಸುವ ಹಟ ಅವರು ಬಿಟ್ಟರು. ಮಂಜುಗಡ್ಡೆಯನ್ನು ತಣ್ಣಗೇ ಉಳಿಸಿ, ಸಿಡಿಯುವ ಗುಣ ಕಾಪಾಡಿದರು. ಅದರ ವೇಗವನ್ನು ಕುಗ್ಗಿಸದೆ ನಿಜದ ವೇಗವನ್ನೇ ಇಟ್ಟರು. ಬದಲಿಗೆ ಕಂಬದ ತೂಕ ಮತ್ತು ಬಿಗಿತವನ್ನು ಹೊಂದಿಸಿ, ಮಾದರಿಯ ತೂಗಾಟ ನಿಜದ ತೂಗಾಟದಂತೆಯೇ ಇರುವ ಹಾಗೆ ಮಾಡಿದರು. 2021ರಲ್ಲಿ ಆಲ್ಟೊದ ತೊಟ್ಟಿಯಲ್ಲಿ ನಡೆದ ಶಿವರ್ ಎಂಬ ಯೋಜನೆಯ ಪರೀಕ್ಷೆಗಳಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಂಜುಗಡ್ಡೆ ನಿಜ, ಅದಕ್ಕೆ ತಾಗುವ ಕಂಬದ ತುಂಡು ನಿಜ, ಉಳಿದ ಕಟ್ಟಡ ಮಾತ್ರ ಗಣಕದೊಳಗೆ. ಮಂಜುಗಡ್ಡೆ ಒತ್ತಿದ ಬಲವನ್ನು ಬಲಮಾಪಕ ಅಳೆಯುತ್ತದೆ. ಇಷ್ಟು ಬಲ ಬಿದ್ದರೆ ನಿಜವಾದ ಗೋಪುರ ಈ ಕ್ಷಣ ಎಲ್ಲಿಗೆ ಸರಿಯುತ್ತಿತ್ತು ಎಂದು ಗಣಕ ಲೆಕ್ಕ ಹಾಕುತ್ತದೆ. ಮೋಟರು ಕಂಬವನ್ನು ಅಲ್ಲಿಗೆ ಸರಿಸುತ್ತದೆ. ಮರುಕ್ಷಣ ಮತ್ತೆ ಅಳತೆ, ಮತ್ತೆ ಲೆಕ್ಕ, ಮತ್ತೆ ಚಲನೆ. ಇದೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಒಂದೇ ಕಂಬದ ತುಂಡು ಇವತ್ತು ದೀಪಸ್ತಂಭ, ನಾಳೆ ಗಾಳಿಯಂತ್ರದ ಗೋಪುರ.

ಗಾಳಿಯಂತ್ರದ ಮಾತು ಬಂದದ್ದು ಕಾರಣವಿಲ್ಲದೆ ಅಲ್ಲ. ಫಿನ್‌ಲ್ಯಾಂಡಿನ ಪೋರಿ ಬಳಿ ತಾಹ್ಕೊಲುವೊತೊ ಎಂಬಲ್ಲಿ 2017ರಲ್ಲಿ ಮಂಜುಗಡ್ಡೆ ಕಟ್ಟುವ ಕಡಲಿಗೆಂದೇ ರೂಪಿಸಿದ ಗಾಳಿ ವಿದ್ಯುತ್ ಸ್ಥಾವರ ಶುರುವಾಯಿತು. ತೈಲದಿಂದ ಗಾಳಿಗೆ ಲೋಕ ಹೊರಳುತ್ತಿರುವ ಈ ಹೊತ್ತಿನಲ್ಲಿ ಮಂಜುಗಡ್ಡೆಯ ಕಡಲಿಗೆ ಇಳಿಯುವ ಕಂಬಗಳು ಹೆಚ್ಚುತ್ತವೆ. ಗಾಳಿಯಂತ್ರದ ಗೋಪುರ ಎತ್ತರ, ಸಪೂರ, ತಲೆಭಾರ. ಅದು ಒಂದೇ ಬಗೆಯಲ್ಲಿ ತೂಗುವುದಿಲ್ಲ. ತುದಿಯಿಂದ ಬುಡದವರೆಗೆ ಒಂದೇ ಬದಿಗೆ ಬಾಗುವುದು ಒಂದು ಬಗೆ, ನಡುವಿನಲ್ಲಿ ಒಂದು ಕಡೆಗೆ ಉಬ್ಬಿ ತುದಿಯಲ್ಲಿ ಇನ್ನೊಂದು ಕಡೆಗೆ ವಾಲುವುದು ಮತ್ತೊಂದು ಬಗೆ. ಮಂಜುಗಡ್ಡೆ ಇಂಥ ಹಲವು ತೂಗಾಟಗಳನ್ನು ಒಟ್ಟಿಗೇ ಎಬ್ಬಿಸಬಲ್ಲದು ಎಂಬುದು ಈ ಪರೀಕ್ಷೆಗಳಲ್ಲಿ ತಿಳಿಯಿತು. ಹಳೆಯ ಮೂರು ಬಗೆಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ.

ಪರಿಹಾರವೂ ಇದೆ. ನೀರಿನ ಮಟ್ಟದಲ್ಲಿ ಕಂಬಕ್ಕೆ ಶಂಕುವಿನ ಆಕಾರದ ಕವಚ ತೊಡಿಸಿದರೆ ಮಂಜುಗಡ್ಡೆ ಇಳಿಜಾರನ್ನು ಹತ್ತಿ ಬಾಗಿ ಮುರಿಯುತ್ತದೆ. ಅಪ್ಪಚ್ಚಿ ಮಾಡುವುದಕ್ಕಿಂತ ಬಗ್ಗಿಸಿ ಮುರಿಯಲು ಕಡಿಮೆ ಬಲ ಸಾಕು. ಬೋಹಾಯ್ ಕೊಲ್ಲಿಯ ವೇದಿಕೆಗಳಿಗೆ ಹೀಗೆ ಕವಚ ತೊಡಿಸಿದರು. ಕೆನಡಾದಲ್ಲಿ 1997ರಲ್ಲಿ ತೆರೆದ 12.9 ಕಿಲೋಮೀಟರ್ ಉದ್ದದ ಕಾನ್ಫೆಡರೇಷನ್ ಸೇತುವೆಯ ಕಂಬಗಳಿಗೂ ಇಂಥ ಕವಚವಿದೆ. ಆದರೆ ಡಾಲಿಯನ್ ತಾಂತ್ರಿಕ ವಿಶ್ವವಿದ್ಯಾಲಯದ ಯುವೆ ಚಿಯೆನ್‌ಜಿನ್ ಮತ್ತು ಸಂಗಡಿಗರು ಬೋಹಾಯ್‌ನಲ್ಲಿ ವರ್ಷಗಟ್ಟಲೆ ಅಳೆದು ತೋರಿಸಿದ್ದು ಇದು: ಕವಚವಿದ್ದರೂ ಮಂಜುಗಡ್ಡೆ ತುಂಡಾಗುವ ಸರದಿ ವೇದಿಕೆಯ ತೂಗಾಟಕ್ಕೆ ತಾಳೆಯಾದರೆ ನಡುಕ ಮರಳುತ್ತದೆ. ಅಂದರೆ ತೊಟ್ಟಿಯಲ್ಲಿ ಪಾಸಾದ ಪರಿಹಾರವನ್ನೂ ಕಡಲಿನಲ್ಲಿ ಮತ್ತೆ ಅಳೆಯಲೇಬೇಕು.

ಈಗ ನಮ್ಮ ದಂಡೆಗೆ ಬರೋಣ. ಎಂಆರ್‌ಪಿಎಲ್ ಇರುವ ಸುರತ್ಕಲ್ಲಿನಲ್ಲೇ, ಕಡಲಿಗೆ ತಾಗಿದಂತೆ, 1960ರಲ್ಲಿ ಕೆಆರ್‌ಇಸಿ ಎಂದು ಶುರುವಾಗಿ ಇಂದು ಎನ್‌ಐಟಿಕೆ ಆಗಿರುವ ಎಂಜಿನಿಯರಿಂಗ್ ಸಂಸ್ಥೆಯಿದೆ. ಅಲ್ಲಿ 50 ಮೀಟರ್ ಉದ್ದ, 71 ಸೆಂಟಿಮೀಟರ್ ಅಗಲ, 1.1 ಮೀಟರ್ ಆಳದ ಅಲೆತೊಟ್ಟಿಯಿದೆ. ಒಂದು ತುದಿಯಲ್ಲಿ ಯಂತ್ರ ಅಲೆ ಎಬ್ಬಿಸುತ್ತದೆ, ಇನ್ನೊಂದು ತುದಿಯಲ್ಲಿ ತಡೆಗೋಡೆಯ ಮಾದರಿ. ದಶಕಗಳಿಂದ ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಅಲೆತಡೆಗಳ ಮಾದರಿ ಕಟ್ಟಿ, ಎಷ್ಟು ಎತ್ತರದ ಅಲೆಗೆ ಯಾವ ಕಲ್ಲು ಜಾರುತ್ತದೆ ಎಂದು ಪರೀಕ್ಷಿಸುತ್ತಾ ಬಂದಿದ್ದಾರೆ. 1916ರಲ್ಲಿ ಶುರುವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಪುಣೆಯ ಖಡಕ್‌ವಾಸ್ಲಾದಲ್ಲಿದ್ದು, ದೇಶದ ಬಂದರುಗಳ ಮಾದರಿಗಳು ಅಲ್ಲಿ ಪರೀಕ್ಷೆಯಾಗುತ್ತವೆ. ಮಂಜುಗಡ್ಡೆಯ ತೊಟ್ಟಿಗೂ ಈ ಅಲೆತೊಟ್ಟಿಗೂ ಮೂಲಸೂತ್ರ ಒಂದೇ, ಎರಡರ ಮಿತಿಯೂ ಒಂದೇ ಬಗೆಯದು.

ಆ ಮಿತಿಯನ್ನು ನಮ್ಮ ದಂಡೆಯ ಉಳ್ಳಾಲದವರೂ ಉಪ್ಪಳದ ಮುಸೋಡಿಯವರೂ ತಿಳಿದಿರಬೇಕು ಎಂಬುದು ನನ್ನ ಕಳಕಳಿ. 30ರಲ್ಲಿ ಒಂದು ಪಾಲಿನ ಅಳತೆಗೆ ಅಲೆಯನ್ನು ಕುಗ್ಗಿಸಬಹುದು, ಬಂಡೆಯನ್ನು ಕುಗ್ಗಿಸಬಹುದು. ಮರಳನ್ನು ಕುಗ್ಗಿಸಲಾಗದು. ಮರಳಿನ ಕಾಳನ್ನು 30 ಪಟ್ಟು ಸಣ್ಣದು ಮಾಡಿದರೆ ಅದು ಮರಳಾಗಿ ಉಳಿಯದೆ ಜೇಡಿಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನೀರಿನಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಹಾಗಾಗಿ ತಡೆಗೋಡೆಯ ಕಲ್ಲು ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ತೊಟ್ಟಿ ಒಳ್ಳೆಯ ಉತ್ತರ ಕೊಡುತ್ತದೆ. ಗೋಡೆ ಕಟ್ಟಿದ ಮೇಲೆ ಪಕ್ಕದ ಊರಿನ ಮರಳು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಅದೊಂದರಿಂದಲೇ ಉತ್ತರ ಸಿಗದು. ಅದಕ್ಕೆ ಗಣಕದ ಲೆಕ್ಕ ಬೇಕು, ಅದಕ್ಕಿಂತ ಹೆಚ್ಚಾಗಿ ಮಳೆಗಾಲದ ಮುನ್ನ ಮತ್ತು ನಂತರ ದಂಡೆಯನ್ನು ವರ್ಷ ವರ್ಷ ಅಳೆಯುವ ತಾಳ್ಮೆ ಬೇಕು. ಮೆದು ಮಂಜುಗಡ್ಡೆಯಲ್ಲಿ ಕಂಬದ ಕಂಪನ ಹುಡುಕಿದವರಿಗೆ ಎದುರಾದ ತೊಡಕು ಬೇರೆ ವೇಷದಲ್ಲಿ ನಮ್ಮಲ್ಲೂ ಇದೆ. ಅವರು ಅದನ್ನು ಒಪ್ಪಿಕೊಂಡು ಪರೀಕ್ಷೆಯ ರೀತಿಯನ್ನೇ ಬದಲಿಸಿದರು. ಸಾಧನೆ ಅದು.

ಕಡಲಿನಲ್ಲಿ ಕಟ್ಟುವ ಯಾವುದೇ ಕಟ್ಟಡದ ವೆಚ್ಚದಲ್ಲಿ ತೊಟ್ಟಿಯ ಪರೀಕ್ಷೆಯ ಪಾಲು ಬಹಳ ಸಣ್ಣದು. ಆ ಸಣ್ಣ ಪಾಲನ್ನು ಉಳಿಸಲು ಹೋದರೆ ಇಡೀ ಕಟ್ಟಡವನ್ನು ಕಳೆದುಕೊಳ್ಳಬಹುದು. ಆದರೆ ಪರೀಕ್ಷೆ ಆಗಿದೆ ಎಂಬ ಒಂದು ಸಾಲಿನ ವರದಿಗೆ ತೃಪ್ತರಾಗುವುದೂ ಅಷ್ಟೇ ಅಪಾಯ. ನಮ್ಮ ದಂಡೆಯಲ್ಲಿ ಅಲೆತಡೆಯೋ ಮೀನುಗಾರಿಕಾ ಬಂದರೋ ಕಡಲ ಗೋಡೆಯೋ ಬರುವಾಗ ಪಂಚಾಯತಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಮಾದರಿಯಲ್ಲಿ ಯಾವ ಗುಣವನ್ನು ನಿಜದಂತೆಯೇ ಕಾಪಾಡಿದಿರಿ? ಯಾವುದನ್ನು ಬಿಟ್ಟುಕೊಟ್ಟಿರಿ? ಕಟ್ಟಿದ ಮೇಲೆ ಕಡಲಿನಲ್ಲಿ ಅಳೆಯುವವರು ಯಾರು, ಎಷ್ಟು ವರ್ಷ? ಇದಕ್ಕೆ ಕೊಡುವ ಉತ್ತರ ಕನ್ನಡ, ತುಳು, ಮಲಯಾಳಗಳಲ್ಲಿ, ದಂಡೆಯಲ್ಲಿ ಬಲೆ ಬೀಸುವವರಿಗೆ ಅರ್ಥವಾಗುವಂತೆ ಇರಬೇಕು. ಎಂಜಿನಿಯರಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳು ಆ ಉತ್ತರ ಹೇಳುವವರ ಸಾಲಿನಲ್ಲಿ ನಿಲ್ಲಬೇಕು, ಹಾಗೆಯೇ ಕೇಳುವವರ ಸಾಲಿನಲ್ಲೂ.